ಶಂಕ್ರಿಯ ಕೋಲು, ಅಧ್ಯಕ್ಷರ ಗೋಲು

ನಾನು ಒಂದು ಹಾಕಿ ಕೋಲು. ಹುಟ್ಟಿದ್ದು ಜಲಂಧರದಲ್ಲಿ, ಹಿಪ್ಪುನೇರಳೆ ಮರದ ಹೊಟ್ಟೆಯಿಂದ. ಹಬೆಯಲ್ಲಿ ಬೇಯಿಸಿ ನನ್ನ ಪಾದ ಬಗ್ಗಿಸಿದರು. ನಾನು ಬಗ್ಗಿದ್ದು ಅದೊಂದೇ ಸಲ. ಬಗ್ಗುವವರನ್ನು ಮಾತ್ರ ಆಮೇಲೆ ಬೇಕಾದಷ್ಟು ಕಂಡೆ.

ರೈಲು ಹತ್ತಿ ಬೆಟಗೇರಿಯ ಶಾಲೆಯೊಂದಕ್ಕೆ ಬಂದೆ. ಅಲ್ಲಿನ ಡ್ರಿಲ್ ಮಾಸ್ತರರು ಆಟವೊಂದನ್ನು ಬಿಟ್ಟು ನನ್ನಿಂದ ಎಲ್ಲ ಕೆಲಸ ಮಾಡಿಸಿದರು. ನಾಯಿ ಓಡಿಸಿದರು, ಜೇಡರ ಬಲೆ ತೆಗೆದರು, ಹುಣಸೆಕಾಯಿ ಉದುರಿಸಿದರು. ನೇಕಾರರ ಮನೆಯ ಶಂಕ್ರಿ, ಏಳನೇ ತರಗತಿಯವಳು, ಒಂದು ದಿನ ಕೇಳಿದಳು: "ಸರ್, ಇದನ್ನ ನಾ ಒಯ್ಯಲೇನ್ರಿ?"

"ಒಯ್ಯವಾ. ಒಲಿಗೆ ಹಾಕಾಕ ಬರ್ತೈತಿ."

ಒಲೆಯ ಬದಲು ಅವಳು ನನ್ನನ್ನು ಮೈದಾನಕ್ಕೆ ಒಯ್ದಳು. ಅದು ಓಣಿಯ ಹಾಕಿ ಸಂಘದ ಮೈದಾನ. ಸಂಘದ ಕಾರ್ಯದರ್ಶಿ ಅಂದಾನೆಪ್ಪ ಗೇಟಿನಲ್ಲೇ ಕುರ್ಚಿ ಹಾಕಿಕೊಂಡಿದ್ದ. ಈ ತುದಿಯಿಂದ ಆ ತುದಿಗೆ ಓಡಬೇಕೆಂದರೆ ನಡುವೆ ಎರಡು ಸಲ ಕೂರುವ ಮನುಷ್ಯ.

"ಏ ಹುಡುಗಿ, ಇದು ಗಂಡಸ್ರು ಆಡೋ ಜಾಗ. ಮನೀಗ್ ಹೋಗಿ ಕಂಡಕಿಗೆ ನೂಲು ಸುತ್ತು, ನಡಿ."

ಶಂಕ್ರಿ ಮನೆಗೇ ಹೋದಳು. ಅವಳ ಓಣಿಯಲ್ಲಿ ಬೆಳಿಗ್ಗೆ ಸೀರೆಯ ಹಾಸು ಎಳೆಯುತ್ತಿದ್ದರು. ಓಣಿಯ ಉದ್ದಕ್ಕೂ ಸಾವಿರಾರು ನೂಲು, ರಾಜಕುಮಾರಿ ಕೂದಲು ಬಿಚ್ಚಿ ಒಣಗಿಸಿದ ಹಾಗೆ. ಹಾಸಿಗೂ ಗೋಡೆಗೂ ನಡುವೆ ಎರಡು ಮೊಳ ಜಾಗ. ಅಷ್ಟರಲ್ಲೇ ಅವಳು ನನ್ನೊಂದಿಗೆ ಚೆಂಡು ಓಡಿಸಿದಳು. ಒಂದು ಎಳೆ ಹರಿದರೂ ಓಣಿಯ ಹೆಂಗಸರೆಲ್ಲ ಒಟ್ಟಿಗೆ ಬಾಯಿ ತೆಗೆಯುತ್ತಿದ್ದರು. ಮೊದಲ ವಾರ ದಿನಕ್ಕೆ ನಾಲ್ಕು ಎಳೆ ಹರಿದವು, ದಿನಕ್ಕೆ ನಾಲ್ಕು ಏಟು ಬಿದ್ದವು. ಮಳೆಗಾಲ ಮುಗಿಯುವಷ್ಟರಲ್ಲಿ ಒಂದೂ ಹರಿಯಲಿಲ್ಲ.

ಆಮೇಲಿನದು ಊರಿಗೆಲ್ಲ ಗೊತ್ತು. ರಾಜ್ಯ ತಂಡ, ದೇಶದ ತಂಡ, ನಾಯಕಿ. ಹನ್ನೊಂದು ವರ್ಷ ಅವಳ ಮಣಿಕಟ್ಟಿನ ಮುಂದೆ ಯಾರೂ ನಿಲ್ಲಲಿಲ್ಲ. ಮೂರು ಸಲ ನಾನು ಸೀಳಿಹೋದೆ, ಮೂರು ಸಲವೂ ಅಂಟು ಹಾಕಿ ಮಗ್ಗದ ನೂಲಿನಿಂದಲೇ ಬಿಗಿದಳು. ಸಣ್ಣಪುಟ್ಟ ಪಂದ್ಯಕ್ಕೆ ಬೇರೆ ಕೋಲುಗಳು ಇದ್ದವು, ಪಾಪ. ನಾನು ಇಳಿಯುತ್ತಿದ್ದುದು ಫೈನಲ್‌ಗೆ ಮಾತ್ರ. ಒಂದು ಫೈನಲಿನಲ್ಲಿ ಆರಡಿಯ ನಾಲ್ವರು ಡಿಫೆಂಡರುಗಳು ಗೋಡೆ ಕಟ್ಟಿ ನಿಂತರು. ಗೋಡೆಯಂತೆ ಗೋಡೆ! ಎರಡು ಮೊಳ ಸಂದು ಬಿಟ್ಟಿದ್ದರು. ನಾವು ಬೆಳೆದದ್ದೇ ಅಷ್ಟು ಜಾಗದಲ್ಲಿ. ಗೋಲಾದ ಮೇಲೂ ಅವರು ಚೆಂಡನ್ನು ಕಾಲ ಕೆಳಗೆ ಹುಡುಕುತ್ತಿದ್ದರು.

ಶಂಕ್ರಿ ಆಟ ಬಿಟ್ಟ ವರ್ಷ ಊರಿನಲ್ಲಿ ಸನ್ಮಾನ ಇಟ್ಟರು. ಇಟ್ಟವರು ಯಾರು? ಅದೇ ಅಂದಾನೆಪ್ಪನವರು, ಈಗ ಸಂಘದ ಅಧ್ಯಕ್ಷರು. "ನಮ್ಮ ಶಂಕ್ರಿನ ಈ ಗ್ರೌಂಡಿನ್ಯಾಗ ಕೈ ಹಿಡಿದು ಬೆಳಸಿದ್ವಿ" ಎಂದು ಮೈಕಿನಲ್ಲಿ ಹೇಳುವಾಗ ಅವರ ನಾಲಿಗೆ ಒಮ್ಮೆಯೂ ತೊದಲಲಿಲ್ಲ. ನನ್ನ ಕೊರಳಿಗೂ ಹಾರ ಹಾಕಿದ್ದರು. ಉಗುಳಲು ನನಗೆ ಬಾಯಿಲ್ಲ.

ಶಂಕ್ರಿ ಬೇಡಿದ್ದು ಒಂದೇ: ದಿನಾ ಸಂಜೆ ಐದರಿಂದ ಆರು, ಮೈದಾನ ಹುಡುಗಿಯರಿಗೆ. ಅದರ ಕಾಗದ ಅಧ್ಯಕ್ಷರ ಜೇಬಿನಲ್ಲಿತ್ತು. ಸಹಿ ಬೀಳುವುದು ಅವರು ನನ್ನಿಂದ ಒಂದು ಪೆನಾಲ್ಟಿ ಗೋಲು ಹೊಡೆದು ಫೋಟೋ ತೆಗೆಸಿಕೊಂಡ ಮೇಲೆ.

ಗೋಲಿನಲ್ಲಿ ನಿಂತವಳು ದಿಲ್‌ಶಾದ್, ಎಂಟನೇ ತರಗತಿ. ಸಂಘದವನೊಬ್ಬ ಅವಳ ಕಿವಿಗೆ ಬಗ್ಗಿದ: "ತಂಗಿ, ಸಾಹೇಬ್ರು ಹೊಡದಾಗ ನೀ ಆ ಕಡೆ ಬೀಳು. ಫೋಟೋ ಛಲೋ ಬರ್ತದ."

ಅವಳು ಶಂಕ್ರಿಯತ್ತ ತಿರುಗಿದಳು. "ಅಕ್ಕಾ, ಬಿಡ್ಲೇನ್ರಿ?"

ಶಂಕ್ರಿ ಆ ಜೇಬನ್ನು ನೋಡಿದಳು. ಅಷ್ಟೂ ಹುಡುಗಿಯರ ಸಂಜೆಗಳು ಅದರೊಳಗೆ ಮಡಚಿ ಕೂತಿದ್ದವು.

"ಗೋಲಿನ್ಯಾಗ ನಿಂತಾಕಿ ಏನ್ ಮಾಡ್ಬೇಕು?"

"ತಡೀಬೇಕ್ರಿ."

"ಮತ್ತ ನನ್ನ ಯಾಕ ಕೇಳ್ತಿ?"

ಅಧ್ಯಕ್ಷರು ನನ್ನನ್ನು ಹಿಡಿದರು, ಅದೂ ಉಲ್ಟಾ. ನನ್ನ ಚಪ್ಪಟೆ ಮುಖ ಬಿಟ್ಟು ಉಬ್ಬಿದ ಬೆನ್ನಿನಿಂದ ಚೆಂಡು ತಳ್ಳಿದರು. ಅಂಪೈರ್ ಸೀಟಿ ಊದಿದ: "ಫೌಲ್ ಆತ್ರಿ ಸಾಹೇಬ್ರ!" ನಲವತ್ತು ವರ್ಷ ಹಾಕಿ ಸಂಘದಲ್ಲಿದ್ದವರಿಗೆ ಕೋಲಿನ ಮುಖ ಯಾವುದು, ಬೆನ್ನು ಯಾವುದು ಗೊತ್ತಿರಲಿಲ್ಲ. ಎರಡನೇ ಸಲ ಚೆಂಡು ನಿದ್ದೆಗಣ್ಣಿನಲ್ಲಿ ಉರುಳಿತು. ದಿಲ್‌ಶಾದ್ ಕಾಲು ಇಟ್ಟಳು. ನಿಂತಿತು.

ಜನ ಹೊಟ್ಟೆ ಹಿಡಿದು ನಕ್ಕರು. "ಶಿಸ್ತಿಲ್ಲದ ಹುಡುಗ್ಯಾರು!" ಎಂದ ಅಧ್ಯಕ್ಷರ ಜೇಬಿನಿಂದ ಕಾಗದ ಹೊರಗೆ ಬರಲಿಲ್ಲ. ಶಂಕ್ರಿ ಅವರ ಕೈಯಿಂದ ನನ್ನನ್ನು ಕಿತ್ತುಕೊಂಡು ಮೈಕಿಗೆ ಬಂದಳು.

"ಸಹಿ ಬ್ಯಾಡ್ರಿ. ನಾಳೆ ಐದಕ್ಕ ಎಲ್ಲಾರೂ ಬರ್ತೀವಿ. ತಡಿಯೋರು ಗೋಲಿನ್ಯಾಗ ಬಂದು ನಿಂದರ್ರಿ."

ಯಾರು ನಿಲ್ಲುತ್ತಾರೆ! ಮರುದಿನ ಗೇಟಿನ ಕುರ್ಚಿಯೂ ಖಾಲಿ ಇತ್ತು.

ಸಂಘದ ಗಾಜಿನ ಪೆಟ್ಟಿಗೆಯಲ್ಲಿ ಮಖಮಲ್ಲಿನ ಮೇಲೆ ಒಂದು ಹೊಸ ಕೋಲು ಮಲಗಿದೆ. ಕೆಳಗೆ ಶಂಕ್ರಿಯ ಹೆಸರು. ಆ ಸೋಮಾರಿ ಕೋಲು ಚೆಂಡಿನ ಮುಖವನ್ನೇ ಕಂಡಿಲ್ಲ. ನಾನು ಮೈದಾನದ ಮೂಲೆಯಲ್ಲಿ ನೆಲಕ್ಕೆ ನೆಟ್ಟು ನಿಂತಿದ್ದೇನೆ, ಹುಡುಗಿಯರ ಅಭ್ಯಾಸದ ಗೋಲಿಗೆ ಒಂದು ಕಂಬವಾಗಿ. ಮುಪ್ಪಿನಲ್ಲಿ ದಿನಾ ಏಟು ತಿನ್ನುತ್ತೇನೆ. ಹೆಚ್ಚಿನವು ಏಟೇ ಅಲ್ಲ. ಆದರೆ ನಿನ್ನೆ ಒಬ್ಬಳು ಹೊಡೆದದ್ದಕ್ಕೆ ಅಡಿಯಿಂದ ಮುಡಿಯವರೆಗೆ ನಡುಗಿದೆ. ಯಾರವಳು ಎಂದು ಈಗ ಕೇಳಬೇಡಿ. ಹತ್ತು ವರ್ಷ ಬಿಟ್ಟು, ತಾವೇ ಕೈ ಹಿಡಿದು ಬೆಳೆಸಿದ್ದೆಂದು, ಸಂಘದವರೇ ಹಾರ ಹಿಡಿದುಕೊಂಡು ಬಂದು ಹೇಳುತ್ತಾರೆ.