ಬಿಕಲುಮಿಯ ತುಟಿಬಿಲ್ಲೆ

"ಗಂಡ ಸತ್ರೆ ನಿನ್ ತುಟೀನೂ ಸತ್ತೋಯ್ತೇನೆ ಮುಂಡೆ? ಸಿಗಿಸ್ಕೊಳೆ ಬಿಲ್ಲೇನ."

ಜಿಂಕಾ ಪೇಟೆಯಿಂದ ಜೀಪು ತರುವ ಗೈಡು ಮುಲುಗೇಟಾನ ಬಾಯಿಯೇ ಹಾಗೆ. ಬಿಕಲುಮಿ ತಲೆ ಎತ್ತದೆ ಕಲ್ಲಿನ ಮೇಲೆ ಜೋಳ ಅರೆಯುತ್ತಿದ್ದಳು. ಬಿಲ್ಲೆಯಿಲ್ಲದ ಕೆಳತುಟಿ ಗದ್ದದ ಕೆಳಗೆ ಜೋತಾಡುತ್ತಿತ್ತು. ಮುರ್ಸಿ ಬುಡಕಟ್ಟಿನ ಹೆಂಗಸು ಗಂಡನಿಗೆ ಉಣಬಡಿಸುವಾಗ ಸೀಳಿ ಹಿಗ್ಗಿಸಿದ ಕೆಳತುಟಿಗೆ ಮಣ್ಣಿನ ಬಿಲ್ಲೆ ಸಿಗಿಸಿಕೊಳ್ಳುತ್ತಾಳೆ. ಅವನು ಸತ್ತ ದಿನ ತೆಗೆದು ಎಸೆಯುತ್ತಾಳೆ. ಬಿಕಲುಮಿ ಎಸೆದು ತಿಂಗಳೂ ಆಗಿರಲಿಲ್ಲ.

ಮುಲುಗೇಟಾ ಕರೆತಂದಿದ್ದ ಫೋಟೋ ದೊರೆ ಜೀಪಿನ ನೆರಳಲ್ಲಿ ಬಾಟಲಿ ನೀರು ಕುಡಿಯುತ್ತಿದ್ದ. ಪಾಪ, ನಾಗರಿಕತೆಯ ಗಾಳಿ ಸೋಕದ ಜನರನ್ನು ಹುಡುಕಿಕೊಂಡು ಸಮುದ್ರ ದಾಟಿ ಬಂದವನು. ಅವನ ಕಣ್ಣಿಗೆ ನೋವಾಗಬಾರದೆಂದು ಮುಲುಗೇಟಾ ಒಬ್ಬಳ ಪ್ಲಾಸ್ಟಿಕ್ ಕೊಡ ಕಸಿದು ಗುಡಿಸಲ ಹಿಂದೆ ಎಸೆದಿದ್ದ, ಇನ್ನೊಬ್ಬಳ ತಲೆಗೆ ದನದ ಕೊಂಬು ಕಟ್ಟಿದ್ದ. ಹಾಗೆ ಕೊಂಬು ಕಟ್ಟಿಕೊಂಡ ಹೆಂಗಸು ಯಾವ ಮುರ್ಸಿ ಮನೆಯಲ್ಲೂ ಇರಲಿಲ್ಲ. ಆದರೆ ಪೋಸ್ಟ್‌ಕಾರ್ಡಿನಲ್ಲಿದ್ದಳು, ಅಷ್ಟು ಸಾಕು.

"ದೊರೆಗೆ ಬೇಕಾಗಿರೋದು ನಿನ್ ತುಟಿನೇ. ಹಾಕ್ಕೊಳ್ಳಲ್ವಾ, ನಾಳೆಯಿಂದ ಈ ಹಟ್ಟಿಗೆ ಜೀಪು ಬರಲ್ಲ. ನಿಮ್ ಮಕ್ಳು ಮಣ್ಣು ತಿನ್ಲಿ."

ಸುತ್ತಲಿನ ಹೆಂಗಸರ ಮುಖ ಸಣ್ಣದಾಯಿತು. ಹೊಳೆದಂಡೆಯ ಹೊಲಗಳು ಯಾರದೋ ಕಬ್ಬಿನ ತೋಟದ ಪಾಲಾದ ಮೇಲೆ ಹಟ್ಟಿಯ ಒಲೆಗಳು ಜೀಪಿನವರು ಕೊಡುವ ಫೋಟೋ ಕಾಸನ್ನೇ ನಂಬಿಕೊಂಡಿದ್ದವು. ಬಿಲ್ಲೆ ಹಾಕಿದರೆ ಸತ್ತ ಗಂಡನ ಮುಖಕ್ಕೆ ಉಗಿದ ಹಾಗೆ. ಹಾಕದಿದ್ದರೆ ಮಕ್ಕಳ ಹೊಟ್ಟೆಗೆ ತಣ್ಣೀರು ಬಟ್ಟೆ. ಬಿಕಲುಮಿ ಅರೆಯುವ ಕಲ್ಲು ಬಿಟ್ಟು ಎದ್ದಳು.

"ಯಾರಿಗೋಸ್ಕರ ಹಾಕ್ಕೋಬೇಕು? ಬಾಯ್ಬಿಟ್ಟು ಹೇಳು."

"ದೊರೆಗೆ ಕಣೆ. ಇನ್ಯಾರ್ಗೆ, ನನ್ಗಾ?"

"ಎಲ್ಲಾರೂ ಕೇಳಿಸ್ಕೊಂಡ್ರೇನ್ರವ್ವಾ?" ಎಂದಳು ಬಿಕಲುಮಿ.

ಮುಲುಗೇಟಾ ತಂದಿದ್ದ ಪೇಟೆಯ ಬಣ್ಣದ ಬಿಲ್ಲೆಯನ್ನು ತುಟಿಗೆ ಸಿಗಿಸಿಕೊಂಡಳು. ಸೋರೆಬುರುಡೆಗೆ ಜೋಳದ ಗಂಜಿ ತುಂಬಿ, ನೆಟ್ಟಗೆ ಹೋಗಿ ದೊರೆಯ ಮುಂದೆ ಮಂಡಿಯೂರಿ ನೀಡಿದಳು. ದೊರೆ ಮೊದಲು ಫೋಟೋ ತೆಗೆದ, ಆಮೇಲೆ ಗಂಜಿ ಕುಡಿದ. ಬಡವರ ಊಟ ಕಂಡರೆ ಅವನಿಗೆ ಬಹಳ ಗೌರವ.

ಮರದ ಕೆಳಗಿದ್ದ ಅವಳ ಮೈದುನ ಓಲಿಕೋರೋ ಉದ್ದನೆಯ ಕಾಳಗದ ಕೋಲು ಹೆಗಲಿಗಿಟ್ಟು ಎದ್ದು ದೊರೆಯ ಮುಂದೆ ಬಂದ.

"ನಮ್ಮಣ್ಣನ ಹೆಂಡ್ರು ಬಿಲ್ಲೆ ಹಾಕ್ಕೊಂಡು ಬಡಿಸಿದ್ಲು, ನೀನು ಉಂಡೆ. ಆಯ್ತಲ್ಲ, ಇನ್ಮೇಲೆ ನಿನ್ ಹೆಂಡ್ರು. ಹೆಣ್ಣಿಗೆ ಕೊಡೋ ತೆರದ ದನ ಎಲ್ಲಪ್ಪಾ? ಒಂದು ಮಂದೆ ಬೇಕು."

ಹಟ್ಟಿಯ ಗಂಡಸರು ಕೋಲು ಹಿಡಿದು ಜೀಪನ್ನು ಸುತ್ತುವರಿದರು. ಆದಿವಾಸಿ ವೀರರು ಸಿಕ್ಕರೆಂದು ದೊರೆ ಖುಷಿಯಿಂದ ಕ್ಲಿಕ್ಕಿಸುತ್ತಲೇ ಇದ್ದ. ಮುಲುಗೇಟಾ ಅವನ ಕಿವಿಯಲ್ಲಿ ಏನೋ ಹೇಳಿದ ಮೇಲೆ ಕ್ಯಾಮೆರಾ ಕೆಳಗಿಳಿಯಿತು.

"ತೆಗಿಯವ್ವಾ ಬಿಲ್ಲೇನ, ನಿನ್ ಕಾಲಿಗೆ ಬೀಳ್ತೀನಿ," ಎಂದ ಮುಲುಗೇಟಾ.

ಬಿಕಲುಮಿ ಜೀಪಿನ ಮುಂದಿನ ಸೀಟು ಹತ್ತಿ ಕೂತಿದ್ದಳು.

"ಹಂಗೆಲ್ಲ ತೆಗಿಯಕ್ಕಾಗಲ್ಲಪ್ಪ. ಗಂಡ ಸತ್ಮೇಲೇ ತೆಗಿಯೋದು."

ಹಟ್ಟಿಗೆ ಹಟ್ಟಿಯೇ ದೊರೆಯ ಕಡೆ ತಿರುಗಿ ನೋಡಿತು. ಓಲಿಕೋರೋ ಕೋಲನ್ನು ಹೆಗಲಿಂದ ಇಳಿಸಿಕೊಂಡ.