ಬೆಂಚಿನ ಕಡೆಗೆ ಉಸಿರು

ಹಳದಿ ಈಜುಟೋಪಿಯೊಂದು ಪಕ್ಕದಲ್ಲೇ ಸರ್ರನೆ ಹಾದುಹೋಯಿತು, ಅದರ ಕಾಲು ಚಿಮ್ಮಿಸಿದ ನೀರು ನೇರ ಬಾಯೊಳಕ್ಕೆ, ಥೂ, ಹೋಗಲಿ, ಹೋಗುವವರೆಲ್ಲ ಹೋಗಲಿ, ಗೆದ್ದು ಮೆರೆಯಲು ಬಂದವಳಲ್ಲ ಅವಳು, ಆ ದಡದಲ್ಲಿ ಇಳಿದವಳು ಈ ದಡಕ್ಕೆ ತನ್ನ ಕಾಲ ಮೇಲೆ ಹತ್ತಿ ಬರಬೇಕು, ಅಷ್ಟೇ, ಕೈ ಎತ್ತು, ಚಾಚು, ಎಳೆ, ಎಡಕ್ಕೆ ಮುಖ, ಉಸಿರು — ಸರೋವರವೆಂದರೆ ಇನ್ನೂ ಉದ್ದದ ಈಜುಕೊಳ ಎಂದುಕೊಂಡಿದ್ದಳಲ್ಲ ಹೋದ ವರ್ಷ, ಎಂಥ ಪೆದ್ದು, ಕೊಳದಲ್ಲಿ ತಳ ಕಾಣುತ್ತದೆ, ನೀಲಿ ಟೈಲು, ಯಾರದೋ ಬಿದ್ದುಹೋದ ಕೂದಲ ಕ್ಲಿಪ್ಪು, ಇಲ್ಲಿ ಕಣ್ಣು ಬಿಟ್ಟರೆ ಹಸಿರು ಕತ್ತಲು, ಅದರೊಳಗೆ ತನ್ನದೇ ಕೈ ಬೇರೆ ಯಾರದೋ ಎಂಬಂತೆ ಬಂದು ಹೋಗುತ್ತದೆ, ಆಸ್ಪತ್ರೆಯ ಲಾಂಡ್ರಿಯಲ್ಲಿ ದಿನವಿಡೀ ಒದ್ದೆ ಹಾಸಿಗೆಬಟ್ಟೆ ಎಳೆದು ಬಿಸಿ ರೋಲರಿಗೆ ಕೊಟ್ಟ ಕೈ, ಅಲ್ಲಿಯ ಹೆಂಗಸರೆಲ್ಲ ಅವಳಿಗೆ ಕಪ್ಪೆ ಎಂದೇ ಹೆಸರಿಟ್ಟಿದ್ದಾರೆ, ಏನ್ ಕಪ್ಪೆ, ಮೆಡಲ್ ಬಂದ್ರೆ ಎಲ್ಲಿ ನೇತುಹಾಕ್ತೀಯ, ಅಡುಗೆಮನೇಲಾ, ಅಡುಗೆಮನೆಯಲ್ಲೇ ಹಾಕುತ್ತೇನೆ ಕಣ್ರೇ, ಸೌಟಿನ ಪಕ್ಕ, ನಿಮಗೇನು ಕಷ್ಟ.

ಎಳೆ, ಎಡಕ್ಕೆ, ಉಸಿರು — ಮತ್ತೆ ನೀರು, ಗಾಳಿ ಎದ್ದಿದೆ, ಎಡಗಡೆಯಿಂದಲೇ ಬರುತ್ತಿದೆ ಅಲೆ, ಹೋದ ವರ್ಷದ ಹಾಗೆಯೇ, ಇದೇ ಜಾಗವಿರಬೇಕು, ಇಲ್ಲೇ ತಾನೆ ಕೆಮ್ಮಿ ಕೆಮ್ಮಿ ಕಣ್ಣು ಕತ್ತಲೆಗಟ್ಟಿದ್ದು, ಕಾವಲು ದೋಣಿಯವನು ಚಾಚಿದ ಕೈಯನ್ನು ಗಬಕ್ಕನೆ ಹಿಡಿದದ್ದು, ದೋಣಿಯನ್ನಾಗಲಿ ಕೈಯನ್ನಾಗಲಿ ಮುಟ್ಟಿದರೆ ಆಟ ಮುಗಿಯಿತು, ಗೊತ್ತಿತ್ತು, ಗೊತ್ತಿದ್ದೂ ಹಿಡಿದಳು, ಕಂಬಳಿ ಹೊದ್ದು ಮುಖ ಸಣ್ಣಗೆ ಮಾಡಿಕೊಂಡು ದಡಕ್ಕೆ ಬಂದಳು, ಮೊನ್ನೆ ಊಟದ ಮೇಜಿನಲ್ಲಿ ಗಂಡ ಅದನ್ನೇ ಎತ್ತಿದ, ಬಸ್ಸಿನ ಡ್ರೈವರು, ಕೂಗಾಡುವವನಲ್ಲ, ಕೂಗಾಡಿದ್ದರೆ ಜಗಳವಾಡಿ ಹಗುರಾಗಬಹುದಿತ್ತು, ನೋಡು, ನಾನು ಬೇಡ ಅಂತ ಯಾವತ್ತಾದ್ರೂ ಅಂದಿದೀನಾ, ನಿಂಗೋಸ್ಕರ ಎಷ್ಟು ಸಲ ಡ್ಯೂಟಿ ಬದಲಾಯಿಸ್ಕೊಂಡಿದೀನಿ, ಈ ಸಲಾನೂ ದೋಣಿ ಹತ್ಕೊಂಡು ಬಂದ್ರೆ ಇದಕ್ಕೊಂದು ಮಂಗಳ ಹಾಡಿಬಿಡೋಣ, ಆಯ್ತಾ, ಮತ್ತು ಅವಳ ಬಾಯಿ ಅವಳನ್ನು ಒಂದು ಮಾತೂ ಕೇಳದೆ ಆಯ್ತು ಎಂದುಬಿಟ್ಟಿತು, ಹಾಳು ಬಾಯಿ, ಈಗ ನೀರು ಕುಡಿಯುತ್ತಿದೆ, ಕುಡಿ. ಮಂಗಳ ಹಾಡಿದರೆ ಹೋಗುವುದೇನು, ಸಂಜೆಯ ಒಂದು ಗಂಟೆ, ಲಾಂಡ್ರಿ ಬಿಟ್ಟು ಅಡುಗೆಗೆ ನಿಲ್ಲುವ ನಡುವಿನದು, ಆ ಹೊತ್ತಿನಲ್ಲಿ ಕಾಲುಚೀಲ ಎಲ್ಲಿ, ಮಾತ್ರೆ ಎಲ್ಲಿ, ಸಾರಿಗೆ ಉಪ್ಪು ಹಾಕಿದೀಯಾ ಎಂದು ಯಾರೂ ಕೇಳಲಾರರು, ಕೇಳಿದರೂ ನೀರೊಳಗೆ ಕೇಳಿಸದು, ಆ ಒಂದು ಗಂಟೆ ಅವಳದು, ಅವಳಿಗೆ ಬೇಕು, ಯಾಕೆ ಬೇಕು ಎಂದು ಯಾರಿಗೂ ಬಿಡಿಸಿ ಹೇಳಲಾರಳು, ಹೇಳಬೇಕಾಗಿಯೂ ಇಲ್ಲ, ಗಂಡ ಕ್ಯಾರಂ ಆಡುವುದು ಯಾಕೆಂದು ಯಾರಾದರೂ ಕೇಳಿದ್ದಾರೆಯೇ. ಅದೂ ಪೂರ್ತಿ ಅವಳ ಕೈಗೆ ಸಿಕ್ಕಿದ್ದೆಲ್ಲಿ, ಅತ್ತೆ ಮೊದಲ ದಿನವೇ ಹೇಳಿದ್ದರು, ನೀರಲ್ಲಿ ಬಿದ್ದಿರೋಕೆ ನೀನೇನು ಎಮ್ಮೆನಾ, ಹೋಗೋದಿದ್ರೆ ಹೋಗು ತಾಯಿ, ಮಗೂನೂ ಕರ್ಕೊಂಡ್ ಹೋಗು, ಮಧ್ಯಾಹ್ನದಿಂದ ನಾನೇ ನೋಡ್ಕೊಂಡಿರ್ತೀನಿ, ನಂಗೂ ಸ್ವಲ್ಪ ಹೊತ್ತು ಕಾಲು ಚಾಚ್ಬೇಕು, ತಪ್ಪೇನಿಲ್ಲ ಅವರದೂ, ಅವರ ಕಾಲು ಅವರಿಗೆ. ಹಾಗಾಗಿ ಕೊಳದ ಪಕ್ಕದ ಬೆಂಚು, ಬೆಂಚಿನ ಮೇಲೆ ಮಗಳು, ಮಡಿಲಲ್ಲಿ ಹೋಂವರ್ಕು, ಮೊದಲ ವಾರವೇ ಒಂದು ಸಂಜೆ ನೋಡಿದರೆ ಬೆಂಚು ಖಾಲಿ, ಹುಡುಗಿ ಆಳದ ತುದಿಯಲ್ಲಿ ನೀರಿಗೆ ಕಾಲು ಇಳಿಬಿಟ್ಟು ಕೂತಿದ್ದಾಳೆ, ಅಂದಿನಿಂದ ಪ್ರತಿ ಉಸಿರೂ ಬೆಂಚಿನ ಕಡೆಗೇ, ಹೋಗುವಾಗ ಬೆಂಚು ಎಡಕ್ಕೆ, ಎಡಕ್ಕೆ ಮುಖ, ಇದ್ದಾಳೆ, ಗೋಡೆ ಮುಟ್ಟಿ ತಿರುಗಿದರೆ ಬೆಂಚು ಬಲಕ್ಕೆ, ಬಲಕ್ಕೆ ಮುಖ, ಇದ್ದಾಳೆ, ಪೆನ್ಸಿಲ್ ಕಚ್ಚುತ್ತಿದ್ದಾಳೆ. ಪೀಪಿ ಸರ್ ತಲೆ ಚಚ್ಚಿಕೊಳ್ಳುತ್ತಿದ್ದರು, ಕತ್ತಿನಲ್ಲಿ ಸದಾ ಸೀಟಿ ನೇತಾಡುವ ಕೋಚು, ಏನಮ್ಮಾ ಇದು, ಕತ್ತನ್ನ ಆ ಕಡೆ ಈ ಕಡೆ ತಿರುಗಿಸ್ತಾ ಇದೀರಲ್ಲ, ಬಸ್ ಕಾಯ್ತಿದೀರಾ, ಎಡಕ್ಕೆ ಚೆನ್ನಾಗಿ ಬರ್ತಿದೆ, ಸ್ಪರ್ಧೇಲಿ ಎಡಕ್ಕೊಂದೇ ತಗೊಳ್ಳಿ, ಇಲ್ದಿದ್ರೆ ಲಯ ಕೆಡುತ್ತೆ, ಹೂಂ ಸರ್ ಎಂದಿದ್ದಳು, ಓದಿ ತಿಳಿದವರ ಮುಂದೆ ಹೂಂ ಎನ್ನುವ ಅಭ್ಯಾಸ, ಹೂಂ ಎಂದೇ ಹೋದ ವರ್ಷ ಎಡಕ್ಕೇ ಬಾಯಿ ತೆರೆದು ಅಲೆಯನ್ನೆಲ್ಲ ನುಂಗಿದ್ದು, ಈಗಲೂ ಅದೇ ಎಡ, ಅದೇ ನೀರು —

ಅಲ್ಲ, ಬಲಕ್ಕೆ. ಬಲಕ್ಕೆ ತಿರುಗಬಾರದೆಂದು ಯಾರು ಹೇಳಿದರು, ಪೀಪಿ ಹೇಳಿದರು, ಪೀಪಿ ಬಂದು ಕುಡಿಯಲಿ ಈ ನೀರನ್ನು, ಬಲಗಡೆಯ ಉಸಿರೂ ಈಜಿಗೆ ಸೇರಿದ್ದು ಎಂದು ಅವಳಿಗೆ ಹೊಳೆದೇ ಇರಲಿಲ್ಲವಲ್ಲ, ಅದು ಮಗು ಕಾಯುವ ಕೆಲಸ, ಮನೆಯ ಲೆಕ್ಕ ಎಂದು ಬದಿಗಿಟ್ಟುಬಿಟ್ಟಿದ್ದಳು, ವರ್ಷಗಟ್ಟಲೆ ದಿನವೂ ಅರ್ಧ ಗಂಟೆ ಬಲಕ್ಕೇ ಉಸಿರಾಡಿದ್ದಾಳೆ ಪುಣ್ಯಾತ್ಗಿತ್ತಿ, ಎಳೆ, ಬಲಕ್ಕೆ ಮುಖ — ಗಾಳಿ, ಬರೀ ಗಾಳಿ, ಅಲೆ ತಲೆಯ ಹಿಂದೆ ಬಡಿದು ಹೋಯಿತು, ಬಡಿ, ಎಷ್ಟು ಬೇಕೋ ಬಡಿ, ಎಳೆ, ಬಲಕ್ಕೆ, ಬೆಂಚಿರಬೇಕಾದ ಕಡೆ ದೋಣಿ ಬಂದು ನಿಂತಿದೆ, ದೋಣಿಯಿಂದ ಕೈ, ಉಗುರಲ್ಲಿ ಬಣ್ಣ ಕೂತ ಅಗಲವಾದ ಕೈ, ಒಳ್ಳೆಯ ಮನುಷ್ಯನೇ ಇರಬೇಕು, ಅಕ್ಕಾ, ಕೆಮ್ತಾ ಇದ್ರಲ್ಲ, ಸಾಕಲ್ವಾ, ಹತ್ಕೊಳ್ಳಿ, ಮುಖ ನೀರಿಗೆ, ಕತ್ತಲು, ಮತ್ತೆ ಬಲಕ್ಕೆ, ಕೈ ಅಲ್ಲೇ ಇದೆ, ಇನ್ನಷ್ಟು ಹತ್ತಿರ, ಹಿಡಿದರೆ ಎಷ್ಟು ಸುಖ, ಕಂಬಳಿ, ಬಿಸಿ ಚಹಾ, ಎಲ್ಲರೂ ಅಯ್ಯೋ ಪಾಪ ಎನ್ನುತ್ತಾರೆ, ಪಾಪದವಳನ್ನು ಎಲ್ಲರೂ ಚೆನ್ನಾಗಿ ನೋಡಿಕೊಳ್ಳುತ್ತಾರೆ, ನಾಳೆಯಿಂದ ಲಾಂಡ್ರಿ ಬಿಟ್ಟರೆ ನೇರ ಮನೆ, ಎಳೆ, ಬಲಕ್ಕೆ, ಕೈ, ಇಲ್ಲ, ನಿನ್ನ ಕೈ ನಿನ್ನ ಹತ್ತಿರವೇ ಇರಲಿ ಮಾರಾಯ, ತಲೆ ಅಲ್ಲಾಡಿಸಿದಳು, ಅವನಿಗೆ ಅರ್ಥವಾಯಿತೋ ಇಲ್ಲವೋ, ಎಳೆ, ಬಲಕ್ಕೆ, ಕೈ, ಎಳೆ, ಬಲಕ್ಕೆ, ಕೈ ಹಿಂದಕ್ಕೆ ಸರಿಯಿತು, ಎಳೆ. ಅಮ್ಮಾ, ನೀನು ನೀರಲ್ಲಿದ್ದಾಗ ನಾನು ನಿಂಗೆ ಕಾಣ್ತೀನಾ, ಒಂದು ಸಂಜೆ ಒದ್ದೆ ಕೂದಲು ಒರೆಸಿಕೊಳ್ಳುವಾಗ ಕೇಳಿದ್ದಳು ಮಗಳು, ಕಾಣ್ತೀಯ ಪುಟ್ಟಿ, ಉಸಿರು ತಗೊಂಡಾಗೆಲ್ಲ ಕಾಣ್ತೀಯ, ಹಾಗಾದ್ರೆ ಜಾಸ್ತಿ ಉಸಿರು ತಗೋ, ಎಂದಿತ್ತು ಕೂಸು, ತಗೊಳ್ತಿದೀನಿ ಕಣೇ, ನೋಡು.

ನೀರು ಬೆಚ್ಚಗಾಯಿತು, ಕೆಳಗಿನ ಹಸಿರು ತಿಳಿಯಾಗಿ ಕಂದು ಬಣ್ಣಕ್ಕೆ ತಿರುಗಿತು, ಬೆರಳಿಗೆ ಮಣ್ಣು, ಮಣ್ಣೇ, ದಡ, ಏಳು, ಎದ್ದು ನಿಲ್ಲು, ಕಾಲು ಎಲ್ಲಿ ಹೋದವು, ಎದ್ದವಳು ಮತ್ತೆ ನೀರಿಗೇ ಬಿದ್ದಳು, ಹಳದಿ ಟೋಪಿಯವಳು ಆಗಲೇ ಬಾಳೆಹಣ್ಣು ತಿನ್ನುತ್ತಿದ್ದಾಳೆ, ತಿನ್ನಲಿ, ಮರಳಿನ ಮೇಲೆ ಕೆಂಪು ಹಗ್ಗ, ಅದನ್ನು ದಾಟುವವರೆಗೂ ಯಾರೂ ಮುಟ್ಟಬಾರದು, ಯಾರೂ, ಹಗ್ಗದ ಆಚೆ ಗಂಡ ಟವೆಲ್ ಹಿಡಿದು ನಿಂತಿದ್ದಾನೆ, ಮುಖ ಬಿಳಿಚಿಕೊಂಡಿದೆ, ಅವನ ಪಕ್ಕದಿಂದ ನುಸುಳಿ ಮಗಳು ಓಡಿ ಬರುತ್ತಿದ್ದಾಳೆ, ಹಗ್ಗ ಹಾರಿ, ಶೂ ಸಮೇತ ನೀರಿಗೇ ಇಳಿದಳು, ಅಮ್ಮ ಬಿದ್ದುಬಿಟ್ಲು, ಅಮ್ಮಾ ಕೈ ಕೊಡು, ಬಗ್ಗಿ ಕೈ ಚಾಚಿದಳು. ಹುಟ್ಟಿದಾಗಿನಿಂದ ಆ ಕೈ ಚಾಚಿದಾಗಲೆಲ್ಲ ಹಿಡಿದಿದ್ದಾಳೆ, ಹಿಟ್ಟಿನ ಕೈಯಲ್ಲಿ, ಸೋಪಿನ ಕೈಯಲ್ಲಿ, ಅರೆನಿದ್ದೆಯಲ್ಲಿ, ಒಮ್ಮೆಯೂ ಇಲ್ಲವೆಂದವಳಲ್ಲ, ಈಗ ತನ್ನ ಬಾಯಿಂದಲೇ, ತನ್ನದೇ ದನಿಯೆಂದು ಗುರುತು ಸಿಗದ ದನಿಯಲ್ಲಿ, ಮುಟ್ಬೇಡ. ಅಲ್ಲೇ ನಿಲ್ಲು ಪುಟ್ಟಿ, ನನ್ನ ಮುಟ್ಬೇಡ. ಹುಡುಗಿಯ ತುಟಿ ನಡುಗಿತು, ಆದರೂ ಇಲ್ಲ, ಈ ನಾಲ್ಕು ಹೆಜ್ಜೆ ಯಾರಿಗೂ ಕೊಡುವುದಿಲ್ಲ, ನಿನಗೂ ಇಲ್ಲ ಕಂದಾ, ಹಗ್ಗದ ಆಚೆಯಿಂದ ಗಂಡನ ದನಿ, ಬಾ ಪುಟ್ಟಿ ಈ ಕಡೆ, ಅಮ್ಮ ಬರ್ತಾಳೆ, ಅವಳೇ ಎದ್ದು ಬರ್ತಾಳೆ — ಏನಂದ, ಅವಳೇ ಎಂದನೇ, ಅವಳೇ, ಒಂದು ಮೊಳಕಾಲು ಊರಿದಳು, ಇನ್ನೊಂದು, ಎದ್ದಳು, ಲೋಕ ಒಮ್ಮೆ ವಾಲಿ ನೆಟ್ಟಗಾಯಿತು, ಮಗಳು ಹತ್ತಿರ ಬರಲಿಲ್ಲ, ಹಿಂದೆಯೂ ಹೋಗಲಿಲ್ಲ, ನೀರಲ್ಲಿ ನೆಟ್ಟಂತೆ ನಿಂತಿದ್ದಾಳೆ, ಕೈ ಮಾತ್ರ ಚಾಚಿಯೇ ಇದೆ, ಪುಟ್ಟ ಕೈ, ಮಧ್ಯದ ಬೆರಳಲ್ಲಿ ಪೆನ್ಸಿಲ್ ಹಿಡಿದು ಹಿಡಿದು ಆದ ಗಂಟು, ತುದಿಯಲ್ಲೊಂದು ಹನಿ, ಅದರ ಪಕ್ಕದಲ್ಲೇ ಹಾದು ಹೋಗಬೇಕು, ತಾಗದ ಹಾಗೆ, ಒಂದು ಹೆಜ್ಜೆ, ಆ ಕೈ, ಇನ್ನೊಂದು ಹೆಜ್ಜೆ, ಆ ಕೈ, ಚಾಚಿದ ಕೈ, ಕೈ ತಾಗದೆ ಹಿಂದೆ ಉಳಿಯಿತು, ಕಾಲ ಕೆಳಗೆ ಕೆಂಪು ಹಗ್ಗ.