ನಡುವೆ ಸವೆಯದ ಟೈರು

ಗುಬ್ಬಿಯ ಕೊಬ್ಬರಿ ವ್ಯಾಪಾರಿ ವೀರಭದ್ರಯ್ಯನವರು ಹಿಡಿದ ಮೊಲಕ್ಕೆ ಮೂರೇ ಕಾಲು. ಹೋದ ವರ್ಷ ಅವರೂ ಬಾಮೈದ ಬಸವರಾಜನೂ ತುಮಕೂರಿನ ಒಂದೇ ಅಂಗಡಿಯಲ್ಲಿ ಬೇರೆ ಬೇರೆ ಕಂಪನಿಯ ಟೈರು ಹಾಕಿಸಿಕೊಂಡು ಬಂದಿದ್ದರು. ಬೇಸಿಗೆಗೆ ಯಾವುದು ಹೆಚ್ಚು ಬಾಳಿಕೆ ಬರುತ್ತದೆ ಎಂಬ ವಾದ ಅಂದಿನಿಂದ ಹಬ್ಬಕ್ಕೂ ನಿಲ್ಲಲಿಲ್ಲ, ತಿಥಿಗೂ ನಿಲ್ಲಲಿಲ್ಲ.

ಮಗಳು ಕಾವ್ಯಳ ಬಾಣಂತನ ಮುಗಿದು, ಅವಳನ್ನೂ ಕೂಸನ್ನೂ ಕುಣಿಗಲ್ಲಿನ ಗಂಡನ ಮನೆಗೆ ಕಳಿಸುವ ದಿನವೂ ಅದೇ ಮಾತು ಬಂತು. ಕರೆದೊಯ್ಯಲು ಬಸವರಾಜ ತನ್ನ ಕಾರು ತಂದಿದ್ದ. ವೀರಭದ್ರಯ್ಯನವರು ಬಿಸಿಲಲ್ಲೇ ಕುಕ್ಕರಗಾಲಲ್ಲಿ ಕೂತು, ಎರಡೂ ಕಾರಿನ ಟೈರುಗಳ ನಡುವಿನ ಗೀರಿಗೆ ನಾಣ್ಯ ತೂರಿಸಿ ಸವೆತ ನೋಡಿದರು. ಅವರದರಲ್ಲಿ ನಾಣ್ಯ ಆಳಕ್ಕೆ ಇಳಿಯಿತು.

"ನೋಡ್ಲಾ, ನಂದು ಹೊಸದಿದ್ದಂಗೈತೆ. ಕೂಸು ನನ್ನ ಕಾರಲ್ಲೇ ಹೋಗ್ಲಿ."

"ಆಯ್ತು ಬುಡಿ ಭಾವ," ಎಂದ ಬಸವರಾಜ, ಮುಖ ಸಣ್ಣದು ಮಾಡಿಕೊಂಡು. ಆಮೇಲೆ ತೋರಿಸಿ ವಾದ ಮಾಡೋಣವೆಂದು ಎರಡೂ ಕಾರಿನ ಟೈರುಗಳ ಫೋಟೋ ತೆಗೆದುಕೊಂಡ.

ಗುರುವಾರದ ರಾಹುಕಾಲ ಕಳೆಯಲೆಂದು ಕಾದು, ಟಾರು ಮೆತ್ತಗಾಗುವ ಬಿಸಿಲಲ್ಲಿ ಕಾರು ಹೊರಟಿತು. ಓಡಿಸಿದವನು ವೀರಭದ್ರಯ್ಯನವರ ಅಣ್ಣನ ಮಗ ಚಂದ್ರು. ವೀರಭದ್ರಯ್ಯನವರು ಗೆದ್ದ ಗತ್ತಿನಲ್ಲಿ ಜಗಲಿಯ ಮೇಲೆ ಎಲೆಅಡಿಕೆ ಹಾಕಿಕೊಂಡು ಕೂತರು.

ಬಸವರಾಜ ಫೋಟೋ ದೊಡ್ಡದು ಮಾಡಿ ನೋಡುತ್ತಿದ್ದ. "ಭಾವ, ನಿಮ್ದು ನಡುವೆ ಹೊಸದು, ಸರಿ. ಅಂಚು ನೋಡಿ, ಎರಡೂ ಕಡೆ ಬೋಳಾಗೈತೆ. ಗಾಳಿ ಎಷ್ಟಿತ್ತು?"

"ಬೇಸಿಗೇಲಿ ಕಮ್ಮಿ ಇರ್ಬೇಕು ಕಣಪ್ಪ. ಬಿಸಿಲಿಗೆ ಹಿಗ್ಗಿ ಸಿಡಿದೋಗ್ತದೆ. ಬೆಳಗ್ಗೆ ನಾನೇ ಒಂದಿಷ್ಟು ಬಿಟ್ಟೆ."

ಬಸವರಾಜ ತಡೆತಡೆದು ಮಾತಾಡಿದ. "ಗೂಳೂರಿನ ನಮ್ಮ ನೆಂಟರ ಗಾಡಿ ಪಲ್ಟಿಯಾಗಿದ್ದು ಹಿಂಗೇ ಭಾವ. ಗಾಳಿ ಕಮ್ಮಿ ಇದ್ರೆ ಭಾರವೆಲ್ಲ ಅಂಚಿಗೆ ಬೀಳ್ತದೆ, ಟೈರು ಮಡಚಿ ಮಡಚಿ ಕಾದು ಸಿಡೀತದೆ. ನಡುಭಾಗ ಸವೆದಿಲ್ಲ ಅಂದ್ರೆ ಅದಕ್ಕೇ. ಟೈರು ಚೆನ್ನಾಗಿರೋದಕ್ಕಲ್ಲ."

ವೀರಭದ್ರಯ್ಯನವರು ಬಾಯಲ್ಲಿದ್ದ ಎಲೆಅಡಿಕೆ ಉಗಿದು ಎದ್ದರು. ಜೀವನದಲ್ಲಿ ಮೊದಲ ಸಲ ಅವರಿಗೆ ತಾವು ಹಿಡಿದ ಹಟಕ್ಕೇ ಹೆದರಿಕೆಯಾಯಿತು. ಚಂದ್ರುವಿಗೆ ಫೋನ್ ಮಾಡಿದರು, ಎತ್ತಲಿಲ್ಲ. ಮತ್ತೆ ಮಾಡಿದರು. ಆಮೇಲೆ ಕಾವ್ಯಳಿಗೆ ಮಾಡಿದರು.

"ಎಲ್ಲಿದೀರವ್ವಾ?"

"ಹೆಬ್ಬೂರು ದಾಟಿದ್ವಿ ಅಪ್ಪ, ಪಾಪು ಮಲಗೈತೆ. ಗಾಳಿ ಕಮ್ಮಿ ಐತೆ, ಬಂಕಲ್ಲಿ ತುಂಬಿಸ್ತೀನಿ ಅಂದ ಚಂದ್ರಣ್ಣ. ನಾನೇ ಬೇಡ ಅಂದೆ. ಅಪ್ಪ ನೋಡೇ ಕಳಿಸಿರ್ತಾರೆ, ಸುಮ್ನೆ ಹೋಗು ಅಂದೆ."

ವೀರಭದ್ರಯ್ಯನವರು ಫೋನಿನಲ್ಲಿ ಕೂಗಿದರು. "ಕಾರು ನಿಲ್ಸಕ್ಕೆ ಹೇಳವ್ವ. ಜೋರಾಗಿ ಬ್ರೇಕ್ ಹಾಕೋದು ಬೇಡ. ನಿಧಾನಕ್ಕೆ, ಪಕ್ಕಕ್ಕೆ."

"ಏನಪ್ಪ? ಕೇಳಿಸ್ತಿಲ್ಲ," ಎಂದಳು ಕಾವ್ಯ. "ಕೆಳಗಡೆ ಏನೋ ಪಟಪಟ ಅಂತೈತೆ."

ಆಮೇಲೆ ಫೋನಿನಲ್ಲಿ ಟೈರು ಸಿಡಿದ ಸದ್ದು, ಕೂಸು ಚೀರಿದ್ದು ಕೇಳಿಸಿತು. ಅದೂ ನಿಂತುಹೋಯಿತು.